ಲೀವೆನ್ ಸಾಹೇಬರಿಗೆ ಬಿದ್ದ ಅರವತ್ತೊಂದು ಓಟು

೧

ಈ ಕಥೆಯನ್ನು ಬ್ರಸೆಲ್ಸ್‌ನಿಂದ ಶುರು ಮಾಡಲೋ, ಸಿಡ್ನಿಯ ನಾರ್ವೆಸ್ಟ್‌ನಿಂದ ಶುರು ಮಾಡಲೋ ಅಂತ ನಾಲ್ಕು ತಿಂಗಳಿಂದ ಒದ್ದಾಡುತ್ತಿದ್ದೇನೆ. ಬ್ರಸೆಲ್ಸ್ ನಾನು ನೋಡಿಲ್ಲ. ನಾರ್ವೆಸ್ಟ್ ನೋಡಿದ್ದೇನೆ, ಆದರೆ ಅಲ್ಲಿಂದ ಯಾವ ಕಥೆಯೂ ಶುರುವಾಗುವ ಲಕ್ಷಣ ಕಾಣುವುದಿಲ್ಲ. ಗಾಜಿನ ಕಟ್ಟಡಗಳು, ಕೆರೆ ಅಂತ ಕರೆಸಿಕೊಳ್ಳುವ ಒಂದು ಹೊಂಡ, ಲಂಚ್ ಟೈಮಿನಲ್ಲಿ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಅದನ್ನು ಸುತ್ತು ಹಾಕುವ ನಮ್ಮವರು.

ಮೊದಲ ಡ್ರಾಫ್ಟ್ ಹೀಗಿತ್ತು: "ಬೆಲ್ಜಿಯಂನ ಸಂಸತ್ ಭವನದ ಮೇಲೆ ಮಂಜು ಕವಿದಿತ್ತು." ಹೊಡೆದು ಹಾಕಿದೆ. (ಕವಿದಿತ್ತೋ ಇಲ್ಲವೋ ನನಗೇನು ಗೊತ್ತು? ಆ ಹೊತ್ತಿಗೆ ನಾನು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ, ಒಂದು ಲ್ಯಾಬಿನ ರಿಸೆಪ್ಶನ್‌ನಲ್ಲಿ ಕೂತು ರಕ್ತದ ಸ್ಯಾಂಪಲ್‌ಗಳಿಗೆ ಲೇಬಲ್ ಅಂಟಿಸುತ್ತಿದ್ದೆ.)

ಎರಡನೇ ಡ್ರಾಫ್ಟ್: "ಒಂದು ಸಲವೂ ಚುನಾವಣೆ ಗೆಲ್ಲದ ಒಬ್ಬ ರಾಜಕಾರಣಿ ಮೂರು ಸಲ ಪ್ರಮಾಣವಚನ ಸ್ವೀಕರಿಸಿದ್ದ." ಇದು ನಿಜ. ಇದನ್ನು ಇಟ್ಟುಕೊಳ್ಳೋಣ.

೨

ನಾನು ಮಾಧುರಿ. ಬೆಳಗಾವಿಯವಳು. ಓದಲು ಬಂದು, ಖಾಯಂ ವಾಸದ ಪಿಆರ್ ಸಿಕ್ಕಿ, ಇಲ್ಲೇ ಉಳಿದವಳು. ೨೦೦೭ರಲ್ಲಿ ಕ್ಲೇಟನ್‌ನ ಒಂದು ಮನೆಯನ್ನು ಗ್ರೀಟ್ ಅನ್ನುವ ಹುಡುಗಿಯ ಜೊತೆ ಶೇರ್ ಮಾಡಿಕೊಂಡಿದ್ದೆ. ಅವಳು ಬೆಲ್ಜಿಯಂನವಳು, ಯೂನಿವರ್ಸಿಟಿಯಲ್ಲಿ ಪಾಚಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಆ ವರ್ಷ ಅಕ್ಟೋಬರ್‌ನಲ್ಲಿ ಅವಳ ಅಪ್ಪ ಬಂದರು. ಅವರೇ ಲೀವೆನ್. ಅರವತ್ತರ ಹತ್ತಿರದ, ಉದ್ದನೆಯ, ಸದಾ ಸ್ವಲ್ಪ ಬಾಗಿಕೊಂಡೇ ಇರುವ ಮನುಷ್ಯ. ಮೊದಲು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು, ಆಮೇಲೆ ರಾಜಕಾರಣಿ.

ಅವರ ಜೇಬಿನಲ್ಲಿ ಎರಡು ಫೋನ್. ಒಂದು ಎಲ್ಲರಿಗೂ. ಇನ್ನೊಂದು ಒಂದೇ ಒಂದು ಕಾಲ್‌ಗೆ. ಆ ಎರಡನೆಯದನ್ನು ಸ್ನಾನದ ಮನೆಗೂ ಒಯ್ಯುತ್ತಿದ್ದರು.

"ಯಾರ ಕಾಲ್ ಅಂಕಲ್?" ಅಂತ ಕೇಳಿದೆ.

"ನನ್ನ ಸೀಟಿನದು," ಅಂದರು.

(ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡ ನನ್ನದು. ಕನ್ನಡದಲ್ಲಿ ಅವರು ಇನ್ನೂ ಸ್ವಲ್ಪ ಜಾಣರಾಗಿ ಕಂಡರೆ ಆ ಕ್ರೆಡಿಟ್ ನನಗಿರಲಿ.)

ವಿಷಯ ಇಷ್ಟು. ಬೆಲ್ಜಿಯಂನಲ್ಲಿ ಡಚ್ ಮಾತಾಡುವ ಫ್ಲಾಂಡರ್ಸ್‌ಗೆ ಒಂದು ಪಾರ್ಲಿಮೆಂಟು, ಇಡೀ ದೇಶಕ್ಕೆ ಇನ್ನೊಂದು. ಚುನಾವಣೆಗೆ ನಿಲ್ಲುವವರ ಪಟ್ಟಿಯ ಜೊತೆಗೆ ಪಕ್ಷಗಳು ಬದಲಿ ಸದಸ್ಯರ ಪಟ್ಟಿಯನ್ನೂ ಕೊಡುತ್ತವೆ. ಗೆದ್ದವರು ಮಂತ್ರಿಯಾದರೆ ಸಂಸತ್ತಿನ ಸೀಟು ಬಿಡಬೇಕು, ಆಗ ಬದಲಿ ಸದಸ್ಯ ಬಂದು ಕೂರುತ್ತಾನೆ. ಮಂತ್ರಿಗಿರಿ ಹೋದರೆ ಅವರು ವಾಪಸ್ ಬರುತ್ತಾರೆ, ಬದಲಿ ಎದ್ದು ಮನೆಗೆ ಹೋಗುತ್ತಾನೆ. ಲೀವೆನ್ ೧೯೯೯ರಲ್ಲಿ ಫ್ಲಾಂಡರ್ಸ್ ಪಾರ್ಲಿಮೆಂಟಿಗೆ ಹೀಗೆ ಹೋಗಿ ಎರಡು ವರ್ಷಕ್ಕೆ ಎದ್ದರು. ೨೦೦೩ರಲ್ಲಿ ದೇಶದ ಪಾರ್ಲಿಮೆಂಟಿಗೆ ಹೋಗಿ ಒಂದು ವರ್ಷಕ್ಕೆ ಎದ್ದರು. ೨೦೦೪ರಲ್ಲಿ ಮತ್ತೆ ಫ್ಲಾಂಡರ್ಸ್, ಈ ಸಲ ಹದಿನೆಂಟು ತಿಂಗಳು. ೨೦೦೭ರ ಜೂನ್‌ನಲ್ಲಿ ಮತ್ತೆ ದೇಶದ ಚುನಾವಣೆ, ಮತ್ತೆ ಬದಲಿ ಪಟ್ಟಿಯಲ್ಲಿ ಮೊದಲ ಹೆಸರು. ಆದರೆ ಡಚ್ಚಿನವರಿಗೂ ಫ್ರೆಂಚಿನವರಿಗೂ ಹೊಂದಾಣಿಕೆಯಾಗದೆ ಸರ್ಕಾರವೇ ರಚನೆಯಾಗಲಿಲ್ಲ. ಸರ್ಕಾರ ಇಲ್ಲದೆ ಮಂತ್ರಿ ಇಲ್ಲ, ಮಂತ್ರಿ ಇಲ್ಲದೆ ಖಾಲಿ ಸೀಟಿಲ್ಲ. ಅದಕ್ಕೇ ಆ ಎರಡನೇ ಫೋನು.

ಗ್ರೀಟ್ ಒಂದು ಮಾತು ಹೇಳಿದಳು. ಅಪ್ಪನ ಮೊದಲ ಪ್ರಮಾಣವಚನಕ್ಕೆ ಅವಳೂ ಹೋಗಿದ್ದಳು, ಆಗ ಹದಿನೆಂಟು ವರ್ಷ. ಗ್ಯಾಲರಿಯಿಂದ ನೋಡಿದರೆ ಅಪ್ಪನ ಮೇಜಿನ ಮೇಲಿದ್ದ ಹೆಸರಿನ ಫಲಕ ಮಂತ್ರಿಯದ್ದು. ಬದಲಿಸಲು ನಾಲ್ಕು ತಿಂಗಳು ಹಿಡಿಯಿತಂತೆ. "ಅಪ್ಪ ಒಂದು ಸಲವೂ ಕೇಳಲಿಲ್ಲ," ಅಂದಳು. ಅವಳಿಗೆ ಇನ್ನೂ ಸಿಟ್ಟಿತ್ತು.

೩

(ಇಲ್ಲಿ ಓದುಗರು ಕೇಳುತ್ತೀರಿ: ಇದರಲ್ಲಿ ಕನ್ನಡ ಎಲ್ಲಿ ಬಂತು? ತಡೀರಿ, ನನ್ನ ಅಣ್ಣ ಬರುತ್ತಿದ್ದಾನೆ.)

ನನ್ನ ಅಣ್ಣ ವಿರುಪಾಕ್ಷ ಸಿಡ್ನಿಯಲ್ಲಿ, ನಾರ್ವೆಸ್ಟ್‌ನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿದ್ದಾನೆ. ಓಪೆರಾ ಹೌಸ್ ನೋಡಬೇಕು ಅಂತ ಲೀವೆನ್ ಅಂದಾಗ ಅಣ್ಣನ ಮನೆಯಲ್ಲಿ ಎರಡು ದಿನ ಇರಿ ಅಂತ ನಾನೇ ಕಳಿಸಿದೆ. ಅವರು ಹೋಗಿ ಒಂಬತ್ತು ವಾರ ಇದ್ದರು. ಓಪೆರಾ ಹೌಸ್ ಕೊನೆಗೂ ನೋಡಲಿಲ್ಲ.

ಮೊದಲನೇ ಸಂಜೆಯೇ, ರೊಟ್ಟಿ ಎಣ್ಣೆಗಾಯಿ ತಿನ್ನುತ್ತಾ, ಅಣ್ಣ ತನ್ನ ಗೋಳು ಹೇಳಿಕೊಂಡ. ಹಿಲ್ಸ್ ಕನ್ನಡ ಬಳಗ ಅಂತ ಅವರದೊಂದು ಸಂಘ. ಆಗಸ್ಟ್‌ನಿಂದ ಅದಕ್ಕೆ ಕಮಿಟಿ ಇಲ್ಲ. ರಾಜ್ಯೋತ್ಸವದ ಆಮಂತ್ರಣದ ಮೇಲೆ "ಬನ್ನಿ" ಅಂತ ಹಾಕಬೇಕು ಅಂತ ಶ್ರೀನಾಥ್ ಪಾರ್ಟಿ. ಶ್ರೀನಾಥ್ ಮೈಸೂರಿನವರು, ಅಣ್ಣನ ಆಫೀಸಿನಲ್ಲೇ, ಅದೇ ಫ್ಲೋರಿನಲ್ಲಿ. "ಬರ್ರಿ" ಅಂತಲೇ ಹಾಕಬೇಕು ಅಂತ ನಮ್ಮಣ್ಣನ ಪಾರ್ಟಿ. ಇಬ್ಬರೂ ಮಾತು ಬಿಟ್ಟಿದ್ದರು. ಆರಡಿ ದೂರದಲ್ಲಿ ಕೂತು ಈಮೇಲ್ ಮಾಡಿಕೊಳ್ಳುತ್ತಿದ್ದರು, ಇಡೀ ಬಳಗಕ್ಕೆ ಸಿಸಿ ಹಾಕಿ.

"ಎಷ್ಟು ತಿಂಗಳಿಂದ ಕಮಿಟಿ ಇಲ್ಲ?" ಅಂತ ಲೀವೆನ್ ಕೇಳಿದರು.

"ಮೂರು ತಿಂಗಳ ಆತ್ರಿ ಸಾಹೇಬ್ರ."

"ನಮ್ಮಲ್ಲಿ ಐದು," ಅಂದರು ಲೀವೆನ್. ಆಮೇಲೆ ತಟ್ಟೆ ಸರಿಸಿ, ಪೆನ್ ತೆಗೆದು, ನ್ಯಾಪ್ಕಿನ್ ಮೇಲೆ ಎರಡು ವೃತ್ತ ಬರೆದರು. ಅವರ ಮುಖದಲ್ಲಿ ಅಂಥ ಖುಷಿ ಯಾವತ್ತೂ ನೋಡಿರಲಿಲ್ಲ ಅಂತ ಅತ್ತಿಗೆ ಹೇಳುತ್ತಾಳೆ. (ಅತ್ತಿಗೆ ಅವರನ್ನು ನೋಡಿದ್ದು ಅವತ್ತೇ ಮೊದಲು. ಆದರೂ.)

ಅವರ ಉಪಾಯ: ಎಲ್ಲವೂ ಎರಡೆರಡು. ಎರಡು ಆಮಂತ್ರಣ, ಇಬ್ಬರು ಉಪಾಧ್ಯಕ್ಷರು, ಎರಡು ಕಡೆಯಿಂದಲೂ ಸಮ ಸಮ ಸದಸ್ಯರು, ಬಿಸಿಬೇಳೆಬಾತಿಗೆ ಒಂದು ಟೇಬಲ್, ರೊಟ್ಟಿಗೆ ಒಂದು, ಎರಡರ ಎತ್ತರವೂ ಒಂದೇ.

ಆಗ ಅಣ್ಣನಿಗೆ ಅವರ ಕೆಲಸದ ಬಗ್ಗೆ ಕುತೂಹಲ ಹುಟ್ಟಿತು. ಬದಲಿ ಸದಸ್ಯ ಅಂದರೆ ಏನು ಅಂತ ಪೂರ್ತಿ ಕೇಳಿಸಿಕೊಂಡು ಹೇಳಿದ: "ಗೊತ್ತಾತ್ರಿ. ಬಸ್‌ನ್ಯಾಗ ಕಿಟಕಿಯಿಂದ ಟವೆಲ್ ಒಗದು ಸೀಟ್ ಹಿಡೀತಾರಲ್ಲ, ಆ ಟವೆಲ್ ನೀವು."

ಲೀವೆನ್ ಅದನ್ನು ಅರ್ಥ ಮಾಡಿಸಿಕೊಂಡು, "ಎಂಟು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ," ಅಂದರು.

೪

ಈ ಭಾಗ ಓದಿ ಅಣ್ಣ ಫೋನ್ ಮಾಡಿದ.

"ಏ ಮಾಧು, ನಾ ಹಂಗ ಎಲ್ಲಿ ಅಂದೀನಿ? ದೊಡ್ಡ ಮನಷ್ಯಾಗ ಟವೆಲ್ ಅಂದ್ಯಾ ಅಂತ ಮಂದಿ ನನಗ ಬೈತಾರ."

"ಅಂದಿದ್ದೀಯಾ ಅಣ್ಣ. ಅತ್ತಿಗೇನೇ ಹೇಳಿದ್ದು."

"ಅಂದಿದ್ರ ಅಂದಿರಬೇಕು. ಬರೀಬೇಕಂತ ಏನೈತಿ? ಶ್ರೀನಾಥ್ ಅಂದಾ ಅಂತ ಬರಿ."

(ಮೈಸೂರಿನವರು ಟವೆಲ್ ಒಗೆಯುವುದಿಲ್ಲವೇ? ಒಗೆಯುತ್ತಾರೆ. ಆದರೂ ಆ ಮಾತು ಅಣ್ಣನದೇ. ಬಿಟ್ಟುಕೊಡುವುದಿಲ್ಲ.)

೫

ಎರಡೂ ಪಾರ್ಟಿಯ ಮೀಟಿಂಗ್ ಶ್ರೀನಾಥ್ ಅವರ ಗ್ಯಾರೇಜಿನಲ್ಲಿ ನಡೆಯಿತು. ಅದಕ್ಕೆ ಎರಡು ಬಾಗಿಲು ಇತ್ತು ಅನ್ನುವುದೇ ಕಾರಣ. ಲೀವೆನ್ ಹೇಳಿದಂತೆ ಒಂದೊಂದು ಪಾರ್ಟಿ ಒಂದೊಂದು ಬಾಗಿಲಿನಿಂದ, ರಿಮೋಟ್ ಒತ್ತಿ ಒಂದೇ ಗಳಿಗೆಗೆ ಶಟರ್ ಎತ್ತಿಸಿ, ಒಳಗೆ ಬಂದರು. ಎಲ್ಲವೂ ಒಪ್ಪಿಗೆಯಾಯಿತು, ಅಧ್ಯಕ್ಷರೊಬ್ಬರನ್ನು ಬಿಟ್ಟು. ಎರಡೂ ಕಡೆಗೆ ಸೇರದ ಅಧ್ಯಕ್ಷ ಬೇಕಲ್ಲ? ಮಂಗಳೂರಿನ ಒಬ್ಬರ ಹೆಸರು ಬಂತು. ಅವರು ಹೋದ ತಿಂಗಳೇ ಶ್ರೀನಾಥ್ ಮನೆಯಲ್ಲಿ ಊಟ ಮಾಡಿದ್ದರು, ಕ್ಯಾನ್ಸಲ್. ಕೋಲಾರದ ಒಬ್ಬರ ಹೆಸರು ಬಂತು. ಅವರ ಹೆಂಡತಿ ಗದಗಿನವರು, ಕ್ಯಾನ್ಸಲ್.

ಆಗ ಇಂದಿರಮ್ಮ ಬಾಯಿ ಬಿಟ್ಟರು. ಇಂದಿರಮ್ಮನಿಗೆ ಎಪ್ಪತ್ತೆರಡು, ತುಮಕೂರಿನಲ್ಲಿ ಕನ್ನಡ ಟೀಚರ್ ಆಗಿ ರಿಟೈರ್ ಆದವರು, ಬಳಗದ ಮೊದಲ ಅಧ್ಯಕ್ಷೆ. "ನಮ್ಮ ಬೈಲಾದಲ್ಲಿ ಏನಿದೆ? ಕನ್ನಡ ಬಲ್ಲ ಯಾರು ಬೇಕಾದರೂ ಆಗಬಹುದು ಅಂತ ತಾನೆ? ಇವರೇ ಆಗಲಿ. ಕನ್ನಡ ನಾನು ಕಲಿಸ್ತೀನಿ."

ಎಲ್ಲರೂ ನಕ್ಕರು. ಲೀವೆನ್ ನಗಲಿಲ್ಲ. ಅವರು ಕೇಳಿದ್ದು ಒಂದೇ: "ಚುನಾವಣೆ ಇರುತ್ತಾ?"

"ನೀವೊಬ್ಬರೇ ನಿಂತರೆ ಚುನಾವಣೆ ಯಾಕೆ ಸರ್? ಅವಿರೋಧ ಆಯ್ಕೆ," ಅಂದರು ಶ್ರೀನಾಥ್.

"ಬೇಡ. ಓಟು ಹಾಕಿಸಿ. ಬೇಕು, ಬೇಡ ಅಂತ. ಸೋತರೂ ಪರವಾಗಿಲ್ಲ."

೬

ಕಲಿಕೆ ನಡೆದದ್ದು ಇಂದಿರಮ್ಮನ ಅಡುಗೆಮನೆಯಲ್ಲಿ. ನಾಲ್ಕು ವಾರ, ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಲೀವೆನ್‌ಗೆ ಎಲ್ಲ ಬಂತು, ಳ ಒಂದು ಬರಲಿಲ್ಲ.

"ಬೇಳೆ ಅನ್ನಿ."

"ಬೇಲೆ."

"ಬೇಲೆ ಅಲ್ಲ ಲೀವೆನ್ ಅವರೇ. ನಾಲಿಗೆ ಮಡಚಿ. ಬೇಳೆ."

"ಬೇಲೆ."

"ಆಯ್ತು, ಅನ್ನ ಅನ್ನಿ."

ಶ್ರೀನಾಥ್ ಅವರ ಮಗಳು ಇಂಚರಾಗೆ ಒಂಬತ್ತು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ತನಗಿಂತ ಕೆಟ್ಟದಾಗಿ ಕನ್ನಡ ಮಾತಾಡುವ ಒಬ್ಬ ದೊಡ್ಡವರು ಸಿಕ್ಕಿದ್ದಾರೆ ಅಂತ ಗೊತ್ತಾದ ದಿನದಿಂದ, ಸ್ಕೂಲ್ ಬಿಟ್ಟ ಕೂಡಲೇ ಓಡಿ ಬಂದು "ಅಜ್ಜ, ಈಗ 'ಹಳೇ ಬಾಳೆಹಣ್ಣು' ಹೇಳಿ!" ಅಂತ ಪೀಡಿಸತೊಡಗಿದಳು. ಎರಡು ವಾರದಲ್ಲಿ ಅವಳ ಕನ್ನಡ ಸುಧಾರಿಸಿತು. ಲೀವೆನ್‌ದು ಹಾಗೇ ಇತ್ತು.

ನವೆಂಬರ್ ಇಪ್ಪತ್ತನಾಲ್ಕು, ಶನಿವಾರ. ಅವತ್ತು ಆಸ್ಟ್ರೇಲಿಯಾದಲ್ಲೂ ಸಂಸತ್ ಚುನಾವಣೆ. ಇಲ್ಲೂ ಬೆಲ್ಜಿಯಂನ ಹಾಗೆ ಓಟು ಹಾಕುವುದು ಕಡ್ಡಾಯ. ಸಿಟಿಜನ್ ಆದವರೆಲ್ಲ ಬೆಳಿಗ್ಗೆ ಸ್ಕೂಲ್‌ಗಳಲ್ಲಿ ಕ್ಯೂ ನಿಂತು ದೇಶಕ್ಕೆ ಓಟು ಹಾಕಿ, ಮಧ್ಯಾಹ್ನ ಇಂದಿರಮ್ಮನ ಹಿತ್ತಲಿಗೆ ಬಂದು ಬಳಗಕ್ಕೆ ಓಟು ಹಾಕಿದರು. ಡಬ್ಬಿ ಒಂದು ಹಳೆಯ ರೈಸ್ ಕುಕ್ಕರ್. ಬೇಕು: ಅರವತ್ತೊಂದು. ಬೇಡ: ಇಪ್ಪತ್ತೆರಡು. ಅಸಿಂಧು: ನಾಲ್ಕು. (ಅಸಿಂಧುವಿನಲ್ಲಿ ಒಂದರ ಮೇಲೆ ಯಾರೋ ಬಾಳೆಹಣ್ಣಿನ ಚಿತ್ರ ಬರೆದಿದ್ದರು. ಮಕ್ಕಳಿಗೆ ಓಟಿಲ್ಲ ಅಂತ ಮೊದಲೇ ಹೇಳಿದ್ದರು ನಿಜ.)

ಲೀವೆನ್ ಆ ಅರವತ್ತೊಂದು ಚೀಟಿಗಳನ್ನು ಎಣಿಸಿದರು. ಮತ್ತೆ ಎಣಿಸಿದರು. ಮೂರನೇ ಸಲ ಎಣಿಸುವಾಗ ಕಣ್ಣು ಒರೆಸಿಕೊಂಡು ಹಿತ್ತಲಿನ ನಿಂಬೆ ಗಿಡದ ಕಡೆಗೆ ನಡೆದರು. ಅಣ್ಣ ಹಿಂದೆ ಹೋಗಲು ಎದ್ದ. ಇಂದಿರಮ್ಮ ಕೈ ಹಿಡಿದು ಕೂರಿಸಿದರು.

೭

ಈಗ ರಾಜ್ಯೋತ್ಸವ. ನವೆಂಬರ್ ಒಂದಕ್ಕೆ ಅಲ್ಲ, ಹಾಲ್ ಸಿಕ್ಕಿದ ದಿನಕ್ಕೆ: ಡಿಸೆಂಬರ್ ಇಪ್ಪತ್ತೆರಡು, ಶನಿವಾರ ಸಂಜೆ, ಒಂದು ಸ್ಕೂಲಿನ ಹಾಲ್. ಮೆಲ್ಬರ್ನ್‌ನಿಂದ ನಾನೂ ಗ್ರೀಟೂ ಹೋಗಿದ್ದೆವು. ಅಪ್ಪ ಸ್ವಂತ ಹೆಸರಿನಲ್ಲಿ ಒಂದು ಕುರ್ಚಿ ಮೇಲೆ ಕೂರುವುದನ್ನು ನೋಡಬೇಕು ಅಂತ ಅವಳು ಪಾಚಿಗೆ ಎರಡು ದಿನ ರಜೆ ಹಾಕಿದ್ದಳು. ಮೇಜಿನ ಮೇಲೆ ಫಲಕ ಇತ್ತು: "ಶ್ರೀ ಲೀವೆನ್, ಅಧ್ಯಕ್ಷರು". ಗ್ರೀಟ್‌ಗೆ ಕನ್ನಡ ಓದಲು ಬಾರದು. "ಇದು ಅವರದೇ ಹೆಸರು ತಾನೆ?" ಅಂತ ನನ್ನನ್ನು ಎರಡು ಸಲ ಕೇಳಿದಳು.

ಇನ್ನೊಂದು ಒಪ್ಪಂದ ಇತ್ತು. ಕಾರ್ಯಕ್ರಮದ ಮೊದಲರ್ಧ ಅಧ್ಯಕ್ಷರ ತಲೆಯ ಮೇಲೆ ಮೈಸೂರು ಪೇಟ, ಎರಡನೇ ಅರ್ಧ ನಮ್ಮ ಕಡೆಯ ರುಮಾಲು. ಸರಿಯಾಗಿ ಏಳು ಗಂಟೆಗೆ ಶ್ರೀನಾಥ್ ಪೇಟ ತೆಗೆದರು. ಅಣ್ಣ ರುಮಾಲು ಸುತ್ತಲು ಬಿಚ್ಚುತ್ತಿದ್ದ. ಲೀವೆನ್ ಬರಿತಲೆಯಲ್ಲಿ ಮೈಕ್ ಮುಂದೆ ನಿಂತು ಭಾಷಣ ಶುರು ಮಾಡಿದ್ದರು:

"ಎಲ್ಲರಿಗೂ ನಮಸ್ಕಾರ. ನನಗೆ ಕನ್ನಡ ಸ್ವಲ್ಪ ಬರುತ್ತದೆ. ನಿಮಗೆ ಜಗಲ ತುಂಬ ಬರುತ್ತದೆ."

ಹಾಲ್ ಬಿದ್ದು ಬಿದ್ದು ನಕ್ಕಿತು. ಆಗ ಫೋನ್ ಬಂತು. ಎರಡನೇ ಫೋನ್.

ಅವರು ಅಲ್ಲೇ, ಮೈಕ್ ಮುಂದೆಯೇ, ಅದನ್ನು ಎತ್ತಿದರು. ಡಚ್ ಮಾತು ಸ್ಪೀಕರ್‌ನಲ್ಲಿ ಇಡೀ ಹಾಲಿಗೆ ಕೇಳಿತು. ನೂರೈವತ್ತು ಜನ ಒಂದಕ್ಷರ ಅರ್ಥವಾಗದೆ ಉಸಿರು ಬಿಗಿಹಿಡಿದು ಕೂತರು. ಗ್ರೀಟ್ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಕೊನೆಗೂ ಒಂದು ತಾತ್ಕಾಲಿಕ ಸರ್ಕಾರ ಬಂದಿದೆ. ಅವರ ಪಟ್ಟಿಯಲ್ಲಿ ಗೆದ್ದಿದ್ದವರು ಮಂತ್ರಿಯಾಗಿದ್ದಾರೆ. ನಾಳೆ ವಿಶ್ವಾಸಮತ. ಈಗಲೇ ಏರ್‌ಪೋರ್ಟಿಗೆ ಹೊರಟರೆ ತಲುಪಬಹುದು.

"ನನ್ನ ಓಟಿಲ್ಲದಿದ್ದರೆ ಸರ್ಕಾರ ಬೀಳುತ್ತಾ?" ಲೀವೆನ್ ಕೇಳಿದರು.

ಆ ಕಡೆಯವರು ನಕ್ಕರಂತೆ. ಇಲ್ಲ, ಬೇಕಾದಷ್ಟು ಬಹುಮತ ಇದೆ.

"ಹಾಗಾದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯಿರಿ. ನಾನು ಇಲ್ಲಿ ಸಭೆಯಲ್ಲಿದ್ದೇನೆ. ಇಲ್ಲಿ ನಾನು ಆಯ್ಕೆಯಾದವನು."

ಇಷ್ಟು ಹೇಳಿ ಫೋನ್ ಜೇಬಿಗಿಟ್ಟರು. ಗ್ರೀಟ್ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಡಿದಿದ್ದಳು ಅಂದರೆ ಬಳೆ ಒತ್ತಿ ಗುರುತು ಬಿದ್ದಿತ್ತು. ಅಣ್ಣ ರುಮಾಲು ಸುತ್ತಿದ. ಲೀವೆನ್ ಭಾಷಣ ಮುಂದುವರಿಸಿದರು.

೮

(ಗೆಲುವಿನ ಕಥೆ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು. ಅಣ್ಣನೂ ಇಲ್ಲಿಗೇ ನಿಲ್ಲಿಸು ಅಂದ: "ಮಸ್ತ್ ಬಂದೈತಿ, ಮುಂದ ಬರದು ಕೆಡಿಸಬ್ಯಾಡ." ಏಳನೆಯದನ್ನೂ ಮುಂದಿನ ಭಾಗವನ್ನೂ ಲೀವೆನ್‌ಗೆ ಈಮೇಲ್‌ನಲ್ಲಿ ಇಂಗ್ಲಿಷ್ ಮಾಡಿ ಕಳಿಸಿದ್ದೆ. "ಒಂಬತ್ತನೆಯದನ್ನು ತೆಗೆದು ಹಾಕಿದರೆ ಉಪಕಾರವಾಗುತ್ತದೆ," ಅಂತ ಉತ್ತರ ಬಂತು. ಅರ್ಧ ಗಂಟೆಯಲ್ಲಿ ಇನ್ನೊಂದು ಬಂತು: "ಬೇಡ, ಇರಲಿ. ಶನಿವಾರ ಅಂತ ಬರೆದಿದ್ದೀರಿ, ಅದು ಸರಿ." ಮೂರನೆಯದು ಬರಬಹುದು ಅಂತ ಒಂದು ವಾರ ಕಾದೆ. ಬರಲಿಲ್ಲ.)

೯

ನಲವತ್ತು ನಿಮಿಷದ ನಂತರ ನಾನು ನೀರಿನ ಬಾಟಲಿ ತರಲು ಕಾರ್ ಪಾರ್ಕಿಗೆ ಹೋದೆ. ಲೀವೆನ್ ಅಣ್ಣನ ಕಾರಿನ ಪಕ್ಕ ನಿಂತಿದ್ದರು. ಬಾನೆಟ್ ಮೇಲೆ ಊಟದ ತಟ್ಟೆ, ಮುಟ್ಟಿರಲಿಲ್ಲ. ತಲೆಯ ಮೇಲೆ ರುಮಾಲು. ಕಿವಿಗೆ ಫೋನ್.

"ಎಂಗೇಜ್ ಬರ್ತಿದೆ," ಅಂದರು. "ವಿರುಪಾಕ್ಷನನ್ನು ಕರೀತೀಯಾ? ಏರ್‌ಪೋರ್ಟ್ ಎಷ್ಟು ದೂರ?"

ಓಡಿ ಹೋಗಿ ಕರೆದೆ. ಅಣ್ಣ ಬಂದ, ಹಿಂದೆಯೇ ಶ್ರೀನಾಥ್. ಯಾವ ರೋಡಿನಲ್ಲಿ ಹೋದರೆ ಬೇಗ ಅಂತ ಇಬ್ಬರೂ ಅಲ್ಲೇ ಶುರು ಮಾಡಿದರು. ಆಗಸ್ಟ್‌ನಿಂದ ಮೊದಲ ಸಲ, ಈಮೇಲ್ ಇಲ್ಲದೆ, ಬಾಯಲ್ಲಿ.

"ಮೋಟರ್‌ವೇನ್ಯಾಗ ಟ್ರಾಫಿಕ್ ಐತ್ರೀ ಮಾರಾಯ್ರ, ಕ್ರಿಸ್‌ಮಸ್ ಗದ್ದಲ!"

"ರೀ ವಿರುಪಾಕ್ಷ, ಒಳಗಡೆ ರೋಡಲ್ಲಿ ಹೋದ್ರೆ ಇಪ್ಪತ್ತು ಸಿಗ್ನಲ್ ಇದೆ. ನೀವು ಗಾಡಿ ಹತ್ತಿ ಮೊದಲು."

ಇಬ್ಬರೂ ಒಂದೇ ಕಾರಿಗೆ ಹತ್ತಿ ಕೂತರು. ಅಷ್ಟರಲ್ಲಿ ಫೋನ್ ಸಿಕ್ಕಿತು. ಲೀವೆನ್ ಎರಡು ಮಾತಾಡಿದರು, ಕೇಳಿಸಿಕೊಂಡರು, "ಹಾಂ, ಹಾಂ" ಅಂದರು, ಥ್ಯಾಂಕ್ಸ್ ಹೇಳಿ ಇಟ್ಟರು. ಪಟ್ಟಿಯಲ್ಲಿ ಮುಂದಿನವರು ಒಬ್ಬ ಹಲ್ಲಿನ ಡಾಕ್ಟರು. ಐದೇ ನಿಮಿಷದಲ್ಲಿ ಒಪ್ಪಿಕೊಂಡಿದ್ದರಂತೆ.

ಲೀವೆನ್ ಕಾರಿನ ಪಕ್ಕದ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ, ಇದರಲ್ಲಿ ನನ್ನ ಜಾಣತನ ಏನೂ ಇಲ್ಲ:

"ಒಂಬತ್ತು ವಾರ ನಿಮ್ಮವರ ಮನೆಗಳಲ್ಲಿ ಊಟ ಮಾಡಿದೆ. ಸಾಕು ಅಂದರೆ ಇನ್ನೊಂದು ಸಲ ಕೇಳ್ತೀರಿ. ಬೇಡ ಅಂದರೆ ಮೂರನೇ ಸಲ ಕೇಳ್ತೀರಿ. ನಮ್ಮಲ್ಲಿ ಒಂದೇ ಸಲ ಕೇಳೋದು. ಅದು ಮರೆತುಹೋಗಿತ್ತು."

ಶ್ರೀನಾಥ್ ಕಾರಿನಿಂದ ಇಳಿದು ಬಂದರು. ತಟ್ಟೆ ಎತ್ತಿ ಅವರ ಕೈಗೆ ಕೊಟ್ಟು, "ತಣ್ಣಗಾಗುತ್ತೆ ಸರ್," ಅಂದರು. ಲೀವೆನ್ ತಿಂದರು. ಅಣ್ಣ ರೊಟ್ಟಿ ತಂದ. ಅದನ್ನೂ ತಿಂದರು. ಒಳಗೆ ಇಂಚರಾಳ ಡ್ಯಾನ್ಸ್ ಶುರುವಾಗಿತ್ತು. ಎದ್ದು, ರುಮಾಲು ಸರಿ ಮಾಡಿಕೊಂಡು, ಅಧ್ಯಕ್ಷರ ಕುರ್ಚಿಗೆ ಹೋಗಿ ಕೂತು ಚಪ್ಪಾಳೆ ತಟ್ಟಿದರು.

೧೦

ಅದನ್ನು ಗ್ರೀಟ್‌ಗೆ ಹೇಳಬೇಡ ಅಂತ ಅವರು ನನ್ನಿಂದ ಮಾತು ತಗೊಂಡರು. ಒಂದು ವರ್ಷ ಹೇಳಲಿಲ್ಲ. ಈ ಕಥೆ ಬರೆಯುವಾಗ ಹೇಳಬೇಕಾಯಿತು. (ಬರೆಯುವವರನ್ನು ನಂಬಬೇಡಿ.)

"ಗೊತ್ತಿತ್ತು," ಅಂದಳು ಗ್ರೀಟ್. "ನಾನು ಹಾಲಿನ ಬಾಗಿಲಲ್ಲಿ ನಿಂತಿದ್ದೆ."

"ಮತ್ತೆ ಯಾಕೆ ಬರಲಿಲ್ಲ?"

"ಬಂದಿದ್ದರೆ, ನನಗೋಸ್ಕರ ಸಂತೋಷವಾಗಿರುವ ಹಾಗೆ ನಟಿಸುತ್ತಿದ್ದರು."

೧೧

ಕೊನೆ ಹೇಗೆ? ಮೂರು ಬರೆದು ನೋಡಿದೆ.

ಅ) ಹಲ್ಲಿನ ಡಾಕ್ಟರು ಮೂರೇ ತಿಂಗಳಿಗೆ ರಾಜೀನಾಮೆ ಕೊಟ್ಟು, ಲೀವೆನ್‌ಗೆ ಮತ್ತೆ ಕರೆ ಬರುತ್ತದೆ. (ಸುಳ್ಳು. ಡಾಕ್ಟರು ಇನ್ನೂ ಅಲ್ಲೇ ಇದ್ದಾರೆ, ಚೆನ್ನಾಗಿ ಕೆಲಸ ಮಾಡುತ್ತಿದ್ದಾರಂತೆ.)

ಆ) ಬಳಗ ಒಂದಾಗಿ ಸುಖವಾಗಿರುತ್ತದೆ. (ಅರ್ಧ ಸುಳ್ಳು. ಲೀವೆನ್ ಫೆಬ್ರವರಿಯಲ್ಲಿ ಊರಿಗೆ ಹೋದರು. ಏಪ್ರಿಲ್‌ನಲ್ಲಿ ಯುಗಾದಿ ಊಟದ ಮೇಲೆ ಮತ್ತೆ ಜಗಳವಾಗಿ ಈಗ ಮೂರು ಬಳಗ ಇವೆ. ಅಣ್ಣ ಮತ್ತು ಶ್ರೀನಾಥ್ ಬೇರೆ ಬೇರೆ ಬಳಗದಲ್ಲಿದ್ದಾರೆ, ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಾರೆ.)

ಇ) ಬರೆದದ್ದು ನನಗೇ ಇಷ್ಟವಾಗಲಿಲ್ಲ. ಹರಿದು ಹಾಕಿದೆ.

ನಿಜ ಇಷ್ಟು: ಮುಂದಿನ ತಿಂಗಳು, ೨೦೦೯ರ ಜೂನ್ ಏಳಕ್ಕೆ, ಫ್ಲಾಂಡರ್ಸ್ ಪಾರ್ಲಿಮೆಂಟಿನ ಚುನಾವಣೆ. ಬದಲಿ ಪಟ್ಟಿಯಲ್ಲಿ ಮೊದಲ ಜಾಗ ಕೊಡುತ್ತೇವೆ ಅಂತ ಪಕ್ಷ ಹೇಳಿತಂತೆ. ಲೀವೆನ್ ಬೇಡ ಅಂದರಂತೆ. ಪಕ್ಷದವರು ಇನ್ನೊಂದು ಸಲ ಕೇಳಲಿಲ್ಲವಂತೆ. ಲೀವೆನ್ ಈಗ ಅಭ್ಯರ್ಥಿಗಳ ನಿಜವಾದ ಪಟ್ಟಿಯಲ್ಲಿ, ಎಲ್ಲರಿಗಿಂತ ಕೆಳಗೆ, ಕೊನೆಯ ಹೆಸರಾಗಿ ನಿಂತಿದ್ದಾರೆ. ಅಲ್ಲಿಂದ ಗೆಲ್ಲಬೇಕಾದರೆ ಜನ ಮೇಲಿನವರನ್ನೆಲ್ಲ ಬಿಟ್ಟು ಅವರ ಹೆಸರನ್ನೇ ಹುಡುಕಿ ಗುರುತು ಹಾಕಬೇಕು.

ನಮ್ಮ ಮೆಲ್ಬರ್ನ್ ಕನ್ನಡಿಗರ ಸಂಚಿಕೆಗೆ ಈ ಕಥೆ ಕೊಡಲು ಮೇ ಮೂವತ್ತೊಂದು ಕೊನೆ ದಿನ. ಫಲಿತಾಂಶ ಬರುವವರೆಗೆ ಕಾಯಿರಿ ಅಂತ ಸಂಪಾದಕರನ್ನು ಕೇಳಿದೆ. "ಮೇಡಂ, ಪ್ರಿಂಟರ್ ಕಾಯಲ್ಲ," ಅಂದರು. ಕೇಳಿದ ಮೇಲೆ ನನಗೂ ಸಮಾಧಾನವೇ ಆಯಿತು.

ಲೀವೆನ್ ಮಗಳಿಗೆ ಕಳಿಸಿದ್ದ ಮಾದರಿ ಮತಪತ್ರ ನಿನ್ನೆ ಟಪಾಲಿನಲ್ಲಿ ಬಂತು. ಟೇಬಲ್ ಕ್ಲಾತಿನಷ್ಟು ದೊಡ್ಡ ಹಾಳೆ. ವಿದೇಶದಲ್ಲಿರುವವರಿಗೆ ಈ ಚುನಾವಣೆಯಲ್ಲಿ ಓಟಿಲ್ಲ, ಗ್ರೀಟ್‌ಗೂ ಇಲ್ಲ. ಕ್ಲೇಟನ್‌ನ ಅಡುಗೆಮನೆಯಲ್ಲಿ ಅದನ್ನು ಹರಡಿ, ಉಪ್ಪಿನ ಡಬ್ಬಿ ಒಂದು ಮೂಲೆಗೆ, ನನ್ನ ಕಾಫಿ ಲೋಟ ಇನ್ನೊಂದು ಮೂಲೆಗೆ ಇಟ್ಟಳು. ಅವರ ಊರಲ್ಲಿ ಕೆಂಪು ಪೆನ್ಸಿಲ್‌ನಲ್ಲೇ ಗುರುತು ಹಾಕಬೇಕಂತೆ. ಲ್ಯಾಬಿನಿಂದ ಒಂದು ತಂದಿದ್ದಳು.

"ಇದು ಲೆಕ್ಕಕ್ಕೆ ಬರಲ್ಲ ಅಲ್ವಾ?" ಅಂದೆ.

"ಇಲ್ಲ," ಅಂದಳು. ಹಾಳೆಯ ತುದಿಯವರೆಗೆ ಬಗ್ಗಿ, ಕಟ್ಟಕಡೆಯ ಹೆಸರಿನ ಮುಂದಿನ ಪುಟ್ಟ ವೃತ್ತವನ್ನು, ಗೆರೆ ದಾಟದ ಹಾಗೆ, ನಿಧಾನವಾಗಿ ತುಂಬತೊಡಗಿದಳು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ. ಇನ್ನೂ ಅರ್ಧವಷ್ಟೇ ತುಂಬಿದೆ.